ತೋಳು ಕೊಟ್ಟವರು ಕೇಳಿದರೆ

ಕೆಲವು ವರ್ಷಗಳ ಹಿಂದೆ ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ, ಕಾಡಿನಿಂದ ದರಕು ಗುಡಿಸಿ ತಂದ ಹೆಂಗಸೊಬ್ಬರು ಹೊರೆ ಇಳಿಸಿ, ಸೀರೆ ಕೊಡವಿ, ಮೊಣಕಾಲಿನ ಸಂದಿಯಲ್ಲಿ ಉಣುಗು ಹತ್ತಿದೆಯಾ ಎಂದು ತಡವಿ ನೋಡಿಕೊಳ್ಳುತ್ತಿದ್ದರು. ಮಂಗನ ಕಾಯಿಲೆಯ ಲಸಿಕೆ ಆಯ್ತಾ ಅಂದೆ. ‘ಎರಡು ಸಲ ಹಾಕಿಸ್ಕಂಡೆ. ತೋಳು ಊದಿ ಎರಡು ದಿನ ಕತ್ತಿ ಹಿಡಿಯಕ್ಕಾಗ್ಲಿಲ್ಲ. ಮತ್ತೆ ಯಾಕೆ ಅಂದ್ರೆ ಯಾರೂ ಬಿಡಿಸಿ ಹೇಳ್ಲಿಲ್ಲ. ಮೂರನೇದಕ್ಕೆ ಹೋಗ್ಲಿಲ್ಲ’ ಅಂದರು.

ಅವರ ಪ್ರಶ್ನೆಗೆ ಉತ್ತರವಿತ್ತು. 2005ರಿಂದ 2010ರವರೆಗಿನ ನಮ್ಮ ರಾಜ್ಯದ ಅಂಕಿಅಂಶ ಆಧರಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿದೆ. ಎರಡು ಡೋಸ್ ಪಡೆದವರಿಗೆ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಿಗೆ ಶೇ 83ರಷ್ಟು. ‘ಮತ್ತೆ ಯಾಕೆ’ ಅನ್ನುವುದಕ್ಕೆ ಇಷ್ಟು ಹೇಳಿದ್ದರೆ ಸಾಕಿತ್ತು. ಎರಡು ಡೋಸ್ ಆದಮೇಲೂ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಬೇಕು ಅನ್ನುವುದೂ ಅದರಲ್ಲೇ ತಿಳಿಯುತ್ತಿತ್ತು. ಆ ಲೆಕ್ಕ ಇಂಗ್ಲಿಷ್ ಜರ್ನಲ್‌ನಲ್ಲಿ ಉಳಿಯಿತು, ಅವರ ಅಂಗಳಕ್ಕೆ ಬರಲಿಲ್ಲ.

ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ರೋಗ ಇದು. 2019ರ ಹೊತ್ತಿಗೆ ಸಾಗರದ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು ಕಂಡೆವು. ಶಕ್ತಿ ಸಾಲದೆಂದು 2022ರಲ್ಲಿ ಲಸಿಕೆಯನ್ನೇ ನಿಲ್ಲಿಸಲಾಯಿತು. ಅಲ್ಲಿಯವರೆಗೆ ತೋಳು ಕೊಟ್ಟವರು ತಮ್ಮ ಮೈಯಲ್ಲಿ ರಕ್ಷಣೆ ಇದೆಯೆಂದುಕೊಳ್ಳಬೇಕೋ, ಇಲ್ಲವೆಂದೋ?

ಇಂಥ ಪ್ರಶ್ನೆಗಳಿಗೆಂದೇ ಔಷಧ ಕಂಪನಿಗಳಲ್ಲಿ ವಿಭಾಗಗಳಿರುತ್ತವೆ. ವೈದ್ಯರು ಕೇಳಿದರೆ ದಾಖಲೆ ಸಮೇತ ಉತ್ತರ ಸಿಗುತ್ತದೆ. ರೋಗಿ ಕೇಳಿದರೆ ಹೆಚ್ಚಾಗಿ ‘ನಿಮ್ಮ ಡಾಕ್ಟರನ್ನು ಕೇಳಿ’. ರೋಗಿಯನ್ನು ನೋಡದೆ ಫೋನಿನಲ್ಲಿ ಚಿಕಿತ್ಸೆ ಹೇಳಬಾರದು, ಅದು ಸರಿಯೇ. ಆದರೆ ಊತ, ಜ್ವರ, ತುರಿಕೆ ಅಂತ ಬಂದ ಒಂದೊಂದು ಕರೆಯೂ ಔಷಧದ ಬಗೆಗಿನ ಮಾಹಿತಿ. ಗಂಭೀರವೂ ಅನಿರೀಕ್ಷಿತವೂ ಆದ ಅಡ್ಡಪರಿಣಾಮ ಗೊತ್ತಾದರೆ ಕಂಪನಿ 15 ದಿನದೊಳಗೆ ಔಷಧ ನಿಯಂತ್ರಕರಿಗೆ ವರದಿ ಮಾಡಬೇಕೆಂದು ನಿಯಮವೇ ಇದೆ. ರೋಗಿಗಳೇ ನೇರವಾಗಿ ತಿಳಿಸಲು 1800-180-3024 ಎಂಬ ಉಚಿತ ಸಂಖ್ಯೆ ಇದೆ, ಕನ್ನಡದ ಫಾರಂ ಕೂಡ ಇದೆ. ಮೆಡಿಕಲ್ ಶಾಪ್‌ಗಳ ಗೋಡೆಯ ಮೇಲೆ ಆ ಸಂಖ್ಯೆ ಕಣ್ಣಿಗೆ ಬೀಳುವುದು ಅಪರೂಪ.

ಈಗ ಐಸಿಎಂಆರ್ ಜೊತೆ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸ ಲಸಿಕೆ ಸಿದ್ಧಪಡಿಸುತ್ತಿದೆ. ಬರಲಿ, ಬೇಗ ಬರಲಿ. ಬರುವಾಗ ಪ್ರತಿ ಮನೆಗೂ ಒಂದು ಕನ್ನಡದ ಹಾಳೆ ಜೊತೆಗಿರಲಿ: ಎಷ್ಟು ಡೋಸ್, ಎಷ್ಟು ರಕ್ಷಣೆ, ತೋಳು ಊದಿದರೆ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು. ಕೆಳಗೊಂದು ಫೋನ್ ನಂಬರ್. ತೀರ್ಥಹಳ್ಳಿಯ ತೋಟದ ಆಳು ಕೆಲಸ ಮುಗಿಸಿ ಮನೆ ಸೇರುವುದು ಸಂಜೆ ಆರರ ಮೇಲೆ. ಆ ಹೊತ್ತಿನಲ್ಲೂ ಫೋನ್ ಎತ್ತಿ ಕನ್ನಡದಲ್ಲಿ ಮಾತಾಡುವವರೊಬ್ಬರು ಅಲ್ಲಿರಬೇಕು.