ಹಿನ್ನೆಲೆ ಬ್ಲರ್ ಮಾಡ್ಬೇಡಿ: ಗುಂಡ್ಲುಪೇಟೆಯಿಂದ ಆನ್‌ಲೈನ್ ಇಂಟರ್ವ್ಯೂ ಕೊಡೋರಿಗೆ

(1/6)
ಫೋಟೋದಲ್ಲಿ ಕಾಣ್ತಿರೋದು ನನ್ನ ಇಂಟರ್ವ್ಯೂ ಜಾಗ. ಎರಡು ರಾಗಿ ಮೂಟೆ, ಅದರ ಮೇಲೆ ಹಲಗೆ, ಹಲಗೆ ಮೇಲೆ ಡಿಗ್ರಿಯ ಮೂರು ದಪ್ಪ ಪುಸ್ತಕ, ಅದರ ಮೇಲೆ ಲ್ಯಾಪ್‌ಟಾಪ್. ಹಿಂದೆ ಗೋಡೆಗೆ ಸುಣ್ಣ ಹೊಡೆದು ಮೂರು ವರ್ಷ ಆಗಿದೆ, ಅದೂ ಕಾಣ್ತಿದೆ.

ಫೈನಲ್ ಇಯರ್‌ನವರು ತುಂಬಾ ಜನ ಮೆಸೇಜ್ ಮಾಡ್ತಿದ್ದೀರಿ: "ಅಕ್ಕ, ಎಂ.ಎಸ್ಸಿಗೆ ಆನ್‌ಲೈನ್ ಇಂಟರ್ವ್ಯೂ ಅಂತೆ, ಪಿಎಚ್.ಡಿಗೂ ಹಂಗೇ ಅಂತೆ, ಹೆಂಗೆ ರೆಡಿ ಆಗೋದು?" ಒಬ್ಬೊಬ್ಬರಿಗೂ ಬರೆಯೋ ಬದಲು ಇಲ್ಲೇ ಆರು ಭಾಗದಲ್ಲಿ ಬರೀತಿದ್ದೀನಿ. ಟಿಪ್ಸ್ ಇದೆ. ಅದರ ಜೊತೆಗೆ ನನ್ನದೊಂದು ಅಭಿಪ್ರಾಯನೂ ಇದೆ. ಒಪ್ಪದಿದ್ರೆ ಕಾಮೆಂಟಲ್ಲಿ ಜಗಳ ಆಡಿ, ಬೇಜಾರಿಲ್ಲ.

(2/6)
ನಮ್ಮ ಕಡೆ ಒಂದು ಮಾತಿದೆ: "ಆನ್‌ಲೈನ್ ಇಂಟರ್ವ್ಯೂ ಬೆಂಗಳೂರಿನ ಮಕ್ಕಳಿಗೆ. ನಮಗೆ ನೆಟ್ ಇಲ್ಲ, ಕರೆಂಟ್ ಇಲ್ಲ, ಎದುರಿಗೆ ಕೂತು ಮಾತಾಡೋದೇ ವಾಸಿ." ಅರ್ಧ ನಿಜ. ಆದರೆ ಇನ್ನರ್ಧ ಯೋಚನೆ ಮಾಡಿ.

ಗುಂಡ್ಲುಪೇಟೆಯಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಬೆಳಿಗ್ಗೆ 9:30ಕ್ಕೆ ಇಂಟರ್ವ್ಯೂ ಇದ್ರೆ ಹಿಂದಿನ ದಿನವೇ ಹೊರಡಬೇಕು. ಬಸ್ ಚಾರ್ಜು, ರೂಮು, ಊಟ. ಹುಡುಗಿ ಆದ್ರೆ ಜೊತೆಗೆ ಅಪ್ಪನೋ ಅಣ್ಣನೋ, ಅಂದ್ರೆ ಊಟದಂಥ ಖರ್ಚು ಡಬಲ್, ಮೇಲೆ ಎರಡು ದಿನದ ಕೂಲಿ ಹೋಯ್ತು. ನಮ್ಮ ಕ್ಲಾಸಲ್ಲಿ ನನಗಿಂತ ಚೆನ್ನಾಗಿ ಓದ್ತಿದ್ದ ಒಬ್ಬಳಿಗೆ ಇಂಟರ್ವ್ಯೂ ಲೆಟರ್ ಬಂದಿತ್ತು. ಮನೇಲಿ "ಯಾರು ಕರ್ಕೊಂಡು ಹೋಗ್ತಾರೆ?" ಅಂದ್ರು. ಕಥೆ ಅಲ್ಲಿಗೆ ಮುಗೀತು. ಅವಳಿಗೆ ಆವತ್ತು ಬೇಕಾಗಿದ್ದಿದ್ದು ಅರ್ಧ ಗಂಟೆ ನೆಟ್ಟು ಮತ್ತು ಒಂದು ಬಾಗಿಲು ಮುಚ್ಚೋ ರೂಮು, ಅಷ್ಟೇ.

2020ರ ಲಾಕ್‌ಡೌನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೇ ಇಂಟರ್ವ್ಯೂನ ಆನ್‌ಲೈನ್ ಮಾಡಿದ್ವು. ಕೆಲವು ಕಡೆ ಈಗಲೂ ಆ ಆಯ್ಕೆ ಇದೆ. ಅದು ಇರೋ ಕಡೆ ಹಿಂಜರಿಯದೆ ತಗೊಳ್ಳಿ. ಬಸ್ಸಿನ ದುಡ್ಡಿಲ್ಲದೆ ಸೀಟು ಹೋಗೋದಕ್ಕಿಂತ, ಉತ್ತರ ಗೊತ್ತಿಲ್ಲದೆ ಹೋದ್ರೆ ನಾನು ಒಪ್ಕೋತೀನಿ.

(3/6)
ಈಗ ನನ್ನ ಸೋಲಿನ ಕಥೆ. ಇದನ್ನ ಇಷ್ಟು ದಿನ ಸುಳ್ಳಾಗಿ ಹೇಳ್ಕೊಂಡು ಬಂದಿದ್ದೆ.

ನನ್ನ ಮೊದಲ ಇಂಟರ್ವ್ಯೂ ನಡುವೆ ಕರೆಂಟ್ ಹೋಯ್ತು. ರೂಟರ್ ಆಫ್, ಸ್ಕ್ರೀನಲ್ಲಿ ನಾಲ್ಕು ಮುಖ ಮಾಯ. ಏಳು ನಿಮಿಷ ಆದ್ಮೇಲೆ ಫೋನಿಂದ ಸೇರ್ಕೊಂಡೆ, ಹತ್ತು ಸಲ ಸಾರಿ ಕೇಳಿದೆ, ಸೀಟು ಸಿಗಲಿಲ್ಲ. ಎಲ್ಲರಿಗೂ "ಕರೆಂಟ್ ಕೈಕೊಡ್ತು" ಅಂದೆ. ಎಲ್ಲರೂ ಅಯ್ಯೋ ಪಾಪ ಅಂದ್ರು.

ಆದ್ರೆ ಕರೆಂಟ್ ಹೋಗೋಕೆ ಮುಂಚೆನೇ ಇಂಟರ್ವ್ಯೂ ಕೆಟ್ಟಿತ್ತು. ಅರ್ಜಿಯಲ್ಲಿ ಅಂತರ್ಜಲದ ಬಗ್ಗೆ ಸಂಶೋಧನೆ ಮಾಡ್ಬೇಕು ಅಂತ ಬರೆದಿದ್ದೆ. ಒಬ್ಬರು ಮೇಡಂ ಕೇಳಿದ್ರು: "ನಿಮ್ಮೂರಲ್ಲಿ ಬೋರ್‌ವೆಲ್ ಎಷ್ಟು ಆಳಕ್ಕೆ ಹೋಗಿದೆ?"

ನನಗೆ ಗೊತ್ತಿತ್ತು. ನಮ್ಮ ಹೊಲದ ಮೊದಲನೇ ಬೋರು 300 ಅಡಿಗೆ ನೀರು ಕೊಟ್ಟು ಆರು ವರ್ಷಕ್ಕೆ ನಿಂತಿತ್ತು. ಎರಡನೇದು 650 ಅಡಿಗೆ ಹೋದ್ರೂ ಬರೀ ಧೂಳು. ಆ ರಾತ್ರಿ ರಿಗ್ ಲಾರಿ ಪಕ್ಕ ಅಪ್ಪ ನಿಂತಿದ್ದು ಈಗಲೂ ಕಣ್ಣ ಮುಂದಿದೆ. ಆದ್ರೆ "ಇದು ಇಂಟರ್ವ್ಯೂಲಿ ಹೇಳೋ ಮಾತಾ?" ಅನ್ನಿಸಿ, ಉರು ಹೊಡೆದಿದ್ದ ಇಂಗ್ಲಿಷ್ ವ್ಯಾಖ್ಯಾನ ಒಪ್ಪಿಸ್ದೆ. ಅವರು ಮತ್ತೆ ಅದನ್ನೇ ಕೇಳಿದ್ರು. ನಾನು ಮತ್ತೆ ಪುಸ್ತಕ ಓದಿದೆ. ಆಮೇಲೆ ಕರೆಂಟ್ ಹೋಯ್ತು. ನಿಜ ಹೇಳ್ಬೇಕಂದ್ರೆ, ನನ್ನ ಮಾನ ಉಳಿಸ್ತು.

(4/6)
ಮೊದಲು ಮನೆ ರೆಡಿ ಮಾಡೋದು. ಸೇವ್ ಮಾಡ್ಕೊಳ್ಳಿ.

• ಕರೆಂಟ್: ನಿಮ್ಮ ಲೈನ್‌ಮನ್ ಅಣ್ಣನಿಗೆ ಎರಡು ದಿನ ಮುಂಚೆ ಫೋನ್ ಮಾಡಿ, ಆವತ್ತು ಲೈನ್ ಕೆಲಸ ಇದೆಯಾ ಕೇಳಿ. ಲ್ಯಾಪ್‌ಟಾಪ್, ಫೋನ್ ಎರಡೂ ಫುಲ್ ಚಾರ್ಜ್ ಇರ್ಲಿ.
• ನೆಟ್: ವೈಫೈ ಇದ್ರೂ ಫೋನ್ ಹಾಟ್‌ಸ್ಪಾಟ್ ರೆಡಿ ಇಟ್ಕೊಳ್ಳಿ, ಬೇರೆ ಕಂಪನಿ ಸಿಮ್ ಆದ್ರೆ ಉತ್ತಮ. ಹಂಗಳದಿಂದ ಆಚೆ, ಕಾಡಂಚಿನ ಊರಿನವರು ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ವಿಡಿಯೋ ಕಾಲ್ ಮಾಡಿ ನೋಡಿ. ಬೆಳಿಗ್ಗೆ ಸಿಗೋ ಸಿಗ್ನಲ್ ಸಂಜೆ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.
• ಬೆಳಕು: ಕಿಟಕಿ ನಿಮ್ಮ ಮುಂದೆ ಇರ್ಬೇಕು. ಬೆನ್ನ ಹಿಂದೆ ಇದ್ರೆ ಮುಖ ಕಪ್ಪಾಗಿ ಕಾಣುತ್ತೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರ್ಲಿ, ಅದಕ್ಕೇ ನನ್ನ ರಾಗಿ ಮೂಟೆ.
• ಹಾಳೆ, ಮಾರ್ಕರ್: ಲೆಕ್ಕ, ಗ್ರಾಫ್, ರಚನೆ ಬರೆದು ತೋರ್ಸಿ ಅಂತಾರೆ. ಬಾಲ್‌ಪೆನ್ ಗೆರೆ ಕ್ಯಾಮೆರಾದಲ್ಲಿ ಕಾಣಲ್ಲ. ಬರೀತಾ ಮಾತಾಡೋದನ್ನ ಪ್ರಾಕ್ಟೀಸ್ ಮಾಡಿ.
• ಹೊರದೇಶಕ್ಕೆ ಹಾಕಿರೋರು: ಗಡಿಯಾರ ನೋಡ್ಕೊಳ್ಳಿ. ಅಮೆರಿಕದ ಪೂರ್ವ ಭಾಗದಲ್ಲಿ ಬೆಳಿಗ್ಗೆ 11 ಅಂದ್ರೆ ಚಳಿಗಾಲದಲ್ಲಿ ನಮಗೆ ರಾತ್ರಿ 9:30, ಅಂದ್ರೆ ಬಂಡೀಪುರ ಗೇಟ್ ಹಾಕಿ ಅರ್ಧ ಗಂಟೆ ಆಗಿರುತ್ತೆ. ಮಾರ್ಚ್ ಎರಡನೇ ಭಾನುವಾರದಿಂದ ಅದೇ 11 ನಮಗೆ 8:30 ಆಗುತ್ತೆ.
• ಕಾಲ್ ಕಟ್ ಆದ್ರೆ: ಆಫೀಸ್ ನಂಬರ್, ಇಮೇಲ್ ಹಾಳೆ ಮೇಲೆ ಬರೆದಿಟ್ಟಿರಿ. ವಾಪಸ್ ಬಂದ್ಮೇಲೆ ಒಂದೇ ಸಲ ಸಾರಿ ಕೇಳಿ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿ.

ಮತ್ತೆ ಆ ಬ್ಲರ್ ಬಟನ್. ಹಳೇ ಲ್ಯಾಪ್‌ಟಾಪಲ್ಲಿ ಅದನ್ನ ಒತ್ತಿದ್ರೆ ಸಿಸ್ಟಮ್ ಮೇಲೆ ಭಾರ ಬಿದ್ದು ವಿಡಿಯೋ ತಡವರಿಸುತ್ತೆ. ಗೋಡೆ ಗೋಡೆ ಥರನೇ ಇರ್ಲಿ ಬಿಡಿ.

(5/6)
ಇನ್ನು ತಲೆಯೊಳಗಿನ ತಯಾರಿ. ಇಲ್ಲೇ ನನ್ನ ಅಭಿಪ್ರಾಯ ಇರೋದು.

ನಾವು ಗೋಡೆ ಜೊತೆಗೆ ನಮ್ಮ ಊರನ್ನೂ ಬ್ಲರ್ ಮಾಡ್ತೀವಿ. "ಎಲ್ಲಿಂದ?" ಅಂದ್ರೆ "ನಿಯರ್ ಮೈಸೂರು" ಅಂತೀವಿ. ಆದ್ರೆ ನೋಡಿ: 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರ ಒಂದು. 1980ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಆನೆಗಳ ಬಗ್ಗೆ, ಅವು ಬೆಳೆಗೆ ನುಗ್ಗೋದರ ಬಗ್ಗೆ ಪಿಎಚ್.ಡಿ ಅಧ್ಯಯನ ಮಾಡಿದ್ದು ಈಗಿನ ನಮ್ಮ ಜಿಲ್ಲೆ ಮತ್ತು ಪಕ್ಕದ ಸತ್ಯಮಂಗಲದ ಕಾಡಂಚಲ್ಲಿ. ಪಕ್ಕದ ಮುದುಮಲೈಯಲ್ಲಿ 1988ರಿಂದ 50 ಹೆಕ್ಟೇರ್ ಕಾಡಿನ ಒಂದೊಂದು ಮರದ ಲೆಕ್ಕ ಇಡ್ತಿದ್ದಾರೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಮೀಸಲಿನ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ತು. ಬೇರೆ ಬೇರೆ ಊರಿಂದ ಜನ ನಮ್ಮ ಊರಿಗೆ ಬಂದು ಡಾಕ್ಟರೇಟ್ ತಗೊಂಡು ಹೋಗ್ತಾರೆ. ನಾವು ಮಾತ್ರ ನಮ್ಮ ಊರಲ್ಲಿ ಏನೂ ಇಲ್ಲ ಅಂತೀವಿ.

ನನ್ನ ಎರಡನೇ ಇಂಟರ್ವ್ಯೂ ಜುಲೈಯಲ್ಲಿ. ನಡುವೆ ರಸ್ತೇಲಿ ಟೆಂಪೋ ಹಾರನ್ ಹೊಡೀತಾನೇ ಇತ್ತು. "ಏನದು?" ಅಂದ್ರು. "ಚೆಂಡು ಹೂವಿನ ಗಾಡಿ ಸರ್" ಅಂದೆ. ಯಾರು ಬೆಳೀತಾರೆ, ಎಲ್ಲಿಗೆ ಹೋಗುತ್ತೆ, ಎಷ್ಟು ನೀರು ಬೇಕು, ಅಂತ ಹತ್ತು ನಿಮಿಷ ಅದೇ ಮಾತು. ಎಷ್ಟು ನೀರು ಅನ್ನೋದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. "ಗೊತ್ತಿಲ್ಲ ಸರ್. ಆದ್ರೆ ಮೋಟಾರು ಎಷ್ಟು ಗಂಟೆ ಓಡುತ್ತೆ, ಗಂಟೆಗೆ ಎಷ್ಟು ನೀರು ಎತ್ತುತ್ತೆ ಅಂತ ಅಳೆದ್ರೆ ಲೆಕ್ಕ ಸಿಗುತ್ತೆ" ಅಂದೆ. ಅವರು ನಕ್ಕರು. ಸೀಟು ಸಿಕ್ಕಿದ್ದು ಅಲ್ಲೇ.

ಊರಿನ ಕಥೆ ಹೇಳಿದ್ರೆ ಸೀಟು ಕೊಡ್ತಾರೆ ಅಂತ ತಿಳ್ಕೋಬೇಡಿ. ಬೇಸಿಕ್ಸ್ ಬರಲೇಬೇಕು. ಡಿಗ್ರಿಯ ಎರಡು ಪೇಪರ್ ಆರಿಸ್ಕೊಂಡು ತಳಮಟ್ಟ ಓದಿ, ನಿಮ್ಮ ಪ್ರಾಜೆಕ್ಟಿನ ಒಂದೊಂದು ಸಾಲಿಗೂ "ಯಾಕೆ?" ಅಂತ ಕೇಳ್ಕೊಳ್ಳಿ. ಉತ್ತರನ ಮೊದಲು ಕನ್ನಡದಲ್ಲಿ ಫ್ರೆಂಡ್‌ಗೆ ವಿವರಿಸಿ. ಕನ್ನಡದಲ್ಲಿ ಬಿಡಿಸಿ ಹೇಳೋಕೆ ಬಂದ್ರೆ, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಸಾಕು. ಕನ್ನಡದಲ್ಲೇ ಬರಲಿಲ್ಲ ಅಂದ್ರೆ ಇಂಗ್ಲಿಷಿನ ತಪ್ಪಲ್ಲ ಅದು, ವಿಷಯ ಅರ್ಥ ಆಗಿಲ್ಲ ಅಷ್ಟೇ.

(6/6)
ಕೊನೇ ಮಾತು, ದೊಡ್ಡೋರಿಗೂ ಸೇರಿ. ಎಲ್ಲಾ ಜವಾಬ್ದಾರಿನೂ ಹುಡುಗರ ತಲೆ ಮೇಲೆ ಹಾಕೋದು ನ್ಯಾಯ ಅಲ್ಲ. ಒಂದೇ ಕೋಣೆ ಮನೆಯಲ್ಲಿ ಐದು ಜನ ಇದ್ರೆ "ನಿಶ್ಶಬ್ದವಾದ ಜಾಗದಲ್ಲಿ ಕೂರಿ" ಅನ್ನೋ ಸೂಚನೆ ಓದೋಕೆ ಮಾತ್ರ ಚೆನ್ನಾಗಿದೆ. ಪ್ರತಿ ಕಾಲೇಜು ಇಂಟರ್ವ್ಯೂ ಸೀಸನ್ನಲ್ಲಿ ಒಂದು ರೂಮು, ಒಂದು ಕಂಪ್ಯೂಟರ್, ಒಂದು ಯುಪಿಎಸ್ ಬಿಟ್ಟುಕೊಡಲಿ. ಊರೂರಲ್ಲಿ ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿಟ್ಟಿದ್ದಾರೆ. ನಿಮ್ಮೂರಿನದರಲ್ಲಿ ಕಂಪ್ಯೂಟರ್ ಇದ್ರೆ ಹೋಗಿ ಕೇಳಿ, ಅರ್ಧ ಗಂಟೆ ಬಾಗಿಲು ಹಾಕ್ಕೊಡಿ ಅಂತ. ಕೇಳೋದಕ್ಕೆ ನಾಚಿಕೆ ಬೇಡ.

ಅಲ್ಲಿವರೆಗೆ ನಾವು ನಾವೇ ಆಗೋಣ. ತೆರಕಣಾಂಬಿ, ಬೇಗೂರು, ಹಂಗಳ, ಟೌನು, ಯಾರಿಗೇ ಇಂಟರ್ವ್ಯೂ ಇದ್ರೂ ಡೇಟ್ ಹೇಳಿ ಮೆಸೇಜ್ ಮಾಡಿ. ಭಾನುವಾರ ಸಂಜೆ ನಾನು ವಿಡಿಯೋ ಕಾಲಲ್ಲಿ ಪ್ಯಾನೆಲ್ ಆಗ್ತೀನಿ. ನಡುವೆ ಬೇಕಂತಲೇ ಒಂದ್ಸಲ ಕಾಲ್ ಕಟ್ ಮಾಡ್ತೀನಿ, ಈಗಲೇ ಹೇಳಿದ್ದೀನಿ.

ಮೊದಲ ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ: ನಿಮ್ಮೂರು ಯಾವುದು, ಅಲ್ಲಿ ಏನಿದೆ? "ನಿಯರ್ ಮೈಸೂರು" ಅಂದ್ರೆ ಫೇಲ್.

#ಗುಂಡ್ಲುಪೇಟೆ #ಚಾಮರಾಜನಗರ #ಆನ್‌ಲೈನ್‌ಇಂಟರ್ವ್ಯೂ #ನಮ್ಮೂರಹುಡುಗರು