ಅಟ್ಟದ ಮೇಲಿನ ದೂರದರ್ಶಕವನ್ನು ಕೆಳಗಿಳಿಸಿ

ಗ್ರಹಣ ಬಂದಾಗಲೊಮ್ಮೆ, ಧೂಮಕೇತು ಸುದ್ದಿಯಾದಾಗಲೊಮ್ಮೆ ಹೊರಬಂದು ಮತ್ತೆ ಅಟ್ಟ ಸೇರುವ ದೂರದರ್ಶಕಗಳು ನಮ್ಮಲ್ಲಿವೆ. ಕೆಲವು ಮನೆಗಳಲ್ಲಿ, ಕೆಲವು ಕಾಲೇಜುಗಳ ಭೌತಶಾಸ್ತ್ರ ವಿಭಾಗದ ಬೀರುಗಳಲ್ಲಿ. ಅವುಗಳ ಒಡೆಯರಲ್ಲಿ ನನ್ನದೊಂದು ಮನವಿ: ಅವಕ್ಕೆ ನಿಜವಾದ ಕೆಲಸವೊಂದು ಕಾದಿದೆ, ಕೊಡಿ.

ಕ್ಷುದ್ರಗ್ರಹಗಳು ಆಗಾಗ ಯಾವುದಾದರೂ ನಕ್ಷತ್ರಕ್ಕೆ ಅಡ್ಡ ಬರುತ್ತವೆ. ನಕ್ಷತ್ರ ಫಕ್ಕನೆ ಮಾಯವಾಗಿ ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಕಾಣುತ್ತದೆ. ಇದು ಆಚ್ಛಾದನೆ. ಆ ಹೊತ್ತಿಗೆ ಕ್ಷುದ್ರಗ್ರಹದ ನೆರಳು ನಮ್ಮ ನೆಲದ ಮೇಲೆ ಓಡುತ್ತಿರುತ್ತದೆ, ಅದರ ಅಗಲ ಹೆಚ್ಚುಕಡಿಮೆ ಆ ಕಲ್ಲಿನ ಅಗಲದಷ್ಟೇ. ದೂರದರ್ಶಕದಲ್ಲಿ ಬರೀ ಚುಕ್ಕೆಯಾಗಿ ಕಾಣುವ ಕಾಯವನ್ನು ಹೀಗೆ ನೆಲದ ಮೇಲೇ ಅಳೆಯಬಹುದು.

ನೆರಳು ಸೆಕೆಂಡಿಗೆ 12 ಕಿ.ಮೀ. ವೇಗದಲ್ಲಿ ಚಿತ್ರದುರ್ಗ ಜಿಲ್ಲೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿತೆನ್ನಿ. ಚಿತ್ರದುರ್ಗದಲ್ಲಿ ನಕ್ಷತ್ರ 5 ಸೆಕೆಂಡು ಮರೆಯಾದರೆ ಆ ಗೆರೆಯಲ್ಲಿ ಕಲ್ಲಿನ ಉದ್ದ 60 ಕಿ.ಮೀ. ದಕ್ಷಿಣದ ಹಿರಿಯೂರಿನಲ್ಲಿ 3 ಸೆಕೆಂಡಾದರೆ 36 ಕಿ.ಮೀ. ಉತ್ತರದ ಮೊಳಕಾಲ್ಮೂರಿನಲ್ಲಿ ಏನೂ ಆಗಲಿಲ್ಲವೆಂದರೆ ಕಲ್ಲಿನ ಅಂಚು ಅಷ್ಟರೊಳಗೇ ಮುಗಿದಿದೆ. ಹೀಗಾಗಿ ‘ಏನೂ ಕಾಣಲಿಲ್ಲ’ ಎಂಬ ವರದಿಗೂ ಅಷ್ಟೇ ಬೆಲೆ. ನಾಚಿಕೊಂಡು ಅದನ್ನು ಮುಚ್ಚಿಡಬೇಡಿ.

ಒಂದೇ ಕಡೆಯಿಂದ ನೋಡಿದರೆ ಎಡವುವುದು ಸುಲಭ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಹಾದುಹೋದಾಗ, ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಆ ನಕ್ಷತ್ರದ ಬೆಳಕು ಕುಂದಿದ್ದನ್ನು ದಾಖಲಿಸಿದರು. ಹೊಸ ಉಪಗ್ರಹವಿರಬೇಕು ಎಂದು ಭಾವಿಸಿದರು. ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿದ್ದ ಅಮೆರಿಕದ ತಂಡದ ದಾಖಲೆ ಮತ್ತು ಇತರ ಕಡೆಯವನ್ನು ಜೊತೆಗಿಟ್ಟಾಗ ತಿಳಿಯಿತು: ಅದು ಯುರೇನಸ್ಸಿನ ಉಂಗುರ.

ಇನ್ನೊಂದು ಕಥೆ ಅರ್ಜೆಂಟೀನಾದ್ದು, ನನಗೆ ಅದೇ ಹೆಚ್ಚು ಇಷ್ಟ. ನೆಪ್ಚೂನಿನಾಚೆಯ ಅರೋಕಾತ್ ಎಂಬ ಪುಟ್ಟ ಕಾಯದ ನೆರಳಿಗಾಗಿ 2017ರ ಜುಲೈ 17ರಂದು ಕೊಮೊಡೊರೊ ರಿವಾಡಾವಿಯಾ ಊರಿನ ಸುತ್ತ ನಾಸಾ ತಂಡ ಎರಡು ಡಜನ್ ದೂರದರ್ಶಕಗಳನ್ನು ಸಾಲಾಗಿ ನಿಲ್ಲಿಸಿತ್ತು. ಕೊರೆವ ಚಳಿ, ಬಿರುಗಾಳಿ. ಊರವರು ಬೀದಿದೀಪ ಆರಿಸಿದರು, ಹೆದ್ದಾರಿಯನ್ನೂ ಮುಚ್ಚಿದರು, ಗಾಳಿಗೆ ಅಡ್ಡವಾಗಿ ಲಾರಿಗಳನ್ನು ತಂದು ನಿಲ್ಲಿಸಿದರು. ನಕ್ಷತ್ರ ಮರೆಯಾದದ್ದು ಐದೇ ಕಡೆ. ಆ ಐದು ಗೆರೆಗಳೇ ಅದು ಅಂಟಿಕೊಂಡ ಜೋಡಿ ಉಂಡೆಯಿರಬಹುದೆಂದು ಸೂಚಿಸಿದವು. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಕಂಡದ್ದೂ ಜೋಡಿ ಉಂಡೆಯನ್ನೇ.

ಇಷ್ಟಕ್ಕೆಲ್ಲ ನಾಸಾದ ಹಣ ಬೇಕಿಲ್ಲ. ಹವ್ಯಾಸಿಗಳು ದಶಕಗಳಿಂದ ಸಣ್ಣ ದೂರದರ್ಶಕಗಳಲ್ಲೇ ಈ ಕೆಲಸ ಮಾಡುತ್ತಿದ್ದಾರೆ. ಗಯಾ ಉಪಗ್ರಹ ನಕ್ಷತ್ರಗಳ ಸ್ಥಾನವನ್ನು ಕರಾರುವಾಕ್ಕಾಗಿ ಕೊಟ್ಟ ಮೇಲೆ ನೆರಳಿನ ದಾರಿ ಮೊದಲಿಗಿಂತ ಎಷ್ಟೋ ನಿಖರವಾಗಿ ಗೊತ್ತಾಗುತ್ತದೆ. ‘ಅಕಲ್ಟ್ ವಾಚರ್’ ಎಂಬ ಉಚಿತ ತಂತ್ರಾಂಶ ನಿಮ್ಮೂರಿನ ಹತ್ತಿರ ನೆರಳು ಯಾವಾಗ ಹಾಯುತ್ತದೆಂದು ಹೇಳುತ್ತದೆ. ಮಂದ ಬೆಳಕನ್ನೂ ಹಿಡಿಯುವ ವಿಡಿಯೋ ಕ್ಯಾಮೆರಾ ಇರಲಿ. ಸಮಯ ಜಿಪಿಎಸ್‌ನದೇ ಆಗಬೇಕು, ಕೈಗಡಿಯಾರವನ್ನು ನಂಬಬೇಡಿ. ಹತ್ತನೇ ಒಂದು ಸೆಕೆಂಡು ತಪ್ಪಿದರೂ ಮೇಲಿನ ಲೆಕ್ಕದಲ್ಲಿ ಕಲ್ಲಿನ ಅಂಚು ಒಂದು ಕಿಲೋಮೀಟರಿಗೂ ಹೆಚ್ಚು ಸರಿಯುತ್ತದೆ.

ಮಳೆಗಾಲದಲ್ಲಿ ನಾವು ಕೈಕಟ್ಟಿ ಕೂರಬೇಕು, ಅದಕ್ಕೆ ಉಪಾಯವಿಲ್ಲ. ಆದರೆ ಬಯಲುಸೀಮೆಯ ಚಳಿಗಾಲದ ಆಕಾಶ ನಮ್ಮ ಆಸ್ತಿ. ಅಧ್ಯಾಪಕರೇ, ಬೀರುವಿನ ಬೀಗ ತೆಗೆಯಿರಿ. ಪಕ್ಕದ ತಾಲ್ಲೂಕಿನಲ್ಲಿ ದೂರದರ್ಶಕ ಇಟ್ಟುಕೊಂಡವರು ಯಾರೆಂದು ವಿಚಾರಿಸಿ, ಈ ನವೆಂಬರಿನೊಳಗೆ ಮೂರು ಊರುಗಳ ಒಂದು ಸಾಲು ಕಟ್ಟಿ.