ಗೊಲ್ಲತಿ ಯಾವ ಪುರಾಣದವಳು?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಣ್ಣನ ಮಗ ದೀಪಾವಳಿಗೆಂದು ನಮ್ಮೂರು ಮಸೂತಿಗೆ ಬಂದವನು ಮೂರು ರಾತ್ರಿ ಮಾಳಿಗೆ ಬಿಟ್ಟು ಕೆಳಗಿಳಿಯಲಿಲ್ಲ. ಕಂಬಳಿ ಹಾಸಿ, ಲ್ಯಾಪ್‌ಟಾಪ್ ತೆರೆದು, ರಾತ್ರಿಗೊಂದರಂತೆ ‘ದಿ ಹಾಬಿಟ್’ನ ಮೂರೂ ಚಿತ್ರ ಮುಗಿಸಿದ. ಚಳಿ ಸಣ್ಣಗೆ ಶುರುವಾಗಿತ್ತು. ನಾನೂ ಚಾದರ ಹೊದ್ದು ಪಕ್ಕದಲ್ಲಿ ಕೂತೆ. ಪರದೆಯ ಮೇಲೆ ಬೆಂಕಿ ಉಗುಳುವ ಸ್ಮಾಗ್ ಎಂಬ ಡ್ರ್ಯಾಗನ್, ಆಚೆ ಕತ್ತಲಲ್ಲಿ ಕೂಡಗಿ ವಿದ್ಯುತ್ ಸ್ಥಾವರದ ದೀಪಗಳು. ಒಂದಕ್ಕೊಂದು ಚೆನ್ನಾಗಿಯೇ ಹೊಂದಿಕೊಂಡಿದ್ದವು.

ಮೂರನೆಯ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದವನೇ ಎರಡು ಬೆರಳು ಹಿಡಿದು ತೋರಿಸಿದ: “ಕಾಕಾ, ಪುಸ್ತಕ ನೋಡಿದ್ರ ಇಷ್ಟ ದಪ್ಪ ಅದರಿ. ಒಂದ ಸಿನಿಮಾದಾಗ ಮುಗೀತಿತ್ತು. ರೊಕ್ಕದ ಆಸೇಕ್ಕ ರಬ್ಬರ್ ಹಂಗ ಎಳದಾರ. ಸಾಲದ್ದಕ್ಕ ಪುಸ್ತಕದಾಗ ಇಲ್ಲದಾಕಿನ್ನ ತಂದು ನಿಂದ್ರಿಸ್ಯಾರ.”

ಇದು ಅವನೊಬ್ಬನ ದೂರಲ್ಲ. ಟೋಲ್ಕಿನ್ ಬರೆದ ‘ದಿ ಹಾಬಿಟ್’ 1937ರಲ್ಲಿ ಬಂದ ಮಕ್ಕಳ ಪುಸ್ತಕ, ಹತ್ತೊಂಬತ್ತು ಅಧ್ಯಾಯ. ಅದರ ಬೆನ್ನಿಗೆ ಹುಟ್ಟಿದ ದೊಡ್ಡ ಕಥೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪ್ರಕಟವಾದದ್ದು 1954–55ರಲ್ಲಿ. ಸಿನಿಮಾದಲ್ಲಿ ಈ ಸಾಲು ಹಿಂದುಮುಂದಾಯಿತು. ಪೀಟರ್ ಜಾಕ್ಸನ್ ದೊಡ್ಡ ಕಥೆಯನ್ನು 2001ರಿಂದ 2003ರ ನಡುವೆ ತೆರೆಗೆ ತಂದ, ಚಿಕ್ಕದನ್ನು 2012ರಿಂದ 2014ರ ನಡುವೆ. ಎರಡು ಭಾಗವೆಂದು ಗೊತ್ತುಮಾಡಿದ್ದನ್ನು ಆಮೇಲೆ ಮೂರಕ್ಕೆ ಏರಿಸಿದರು. ಪುಸ್ತಕವನ್ನು ಎದೆಗವಚಿಕೊಂಡು ಬೆಳೆದವರಿಗೆ ಅದು ಹಿಡಿಸಲಿಲ್ಲ. ಹೆಣ್ಣು ಪಾತ್ರವೇ ಇಲ್ಲವೆನ್ನಬಹುದಾದ ಕಥೆಗೆ ಟೌರಿಯೆಲ್ ಎಂಬ ಬಿಲ್ಲುಗಾರ್ತಿಯನ್ನು ಸೇರಿಸಿದ್ದೂ ಹಿಡಿಸಲಿಲ್ಲ. ಸೆಕೆಂಡಿಗೆ 24ರ ಬದಲು 48 ಚೌಕಟ್ಟಿನಲ್ಲಿ ಚಿತ್ರೀಕರಿಸಿದ್ದರಿಂದ ಸಿನಿಮಾ ಹೋಗಿ ಟೀವಿ ಧಾರಾವಾಹಿಯ ಹಾಗೆ ಕಾಣುತ್ತದೆಂದು ಬೇರೆ ಗೊಣಗಿದರು. ಆ ಕೊನೆಯ ದೂರಿಗೆ ನನ್ನಲ್ಲಿ ಉತ್ತರವಿಲ್ಲ. ನನ್ನ ಕಣ್ಣಿಗೆ ಕನ್ನಡಕ ಬಂದು ಮೂವತ್ತು ವರ್ಷವಾಯಿತು.

ಮೊದಲ ಎರಡು ದೂರುಗಳ ಬಗ್ಗೆ ಮಾತ್ರ, ನಮ್ಮ ಹುಡುಗನ ಮನಸ್ಸು ನೋಯದ ಹಾಗೆ, ಒಂದು ತಕರಾರು ಎತ್ತಬೇಕಾಗಿದೆ.

ಮೂರು ಚಿತ್ರ ಸೇರಿದರೆ ಹೆಚ್ಚುಕಡಿಮೆ ಎಂಟು ತಾಸು. ನಮ್ಮ ಭಾಗದ ಬಯಲಾಟ ಶ್ರೀಕೃಷ್ಣ ಪಾರಿಜಾತವೂ ಅಷ್ಟೇ ಹೊತ್ತಿನದು. ಊಟ ಮುಗಿಸಿ ಮಂದಿ ಬಂದು ಕೂತ ಮೇಲೆ ಶುರುವಾದರೆ ಮುಗಿಯುವುದು ಮೂಡಲ ಹರಿದಾಗ. ಕಥೆ ಎಷ್ಟು? ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ; ಸತ್ಯಭಾಮೆ ಮುನಿಸಿಕೊಂಡಳು; ಆ ಮುನಿಸು ಇಳಿಯಬೇಕು. ಅಂಗೈಯಗಲದ ಕಥೆ. ಅದಕ್ಕೆ ಇಡೀ ರಾತ್ರಿ! ಪಾರಿಜಾತದ ಹುಟ್ಟನ್ನು ಅಪರಾಳ ತಮ್ಮಣ್ಣನಿಗೂ ಅದರ ಬೆಳವಣಿಗೆಯನ್ನು ಕುಲಗೋಡ ತಮ್ಮಣ್ಣನಿಗೂ ಸಲ್ಲಿಸುವುದು ವಾಡಿಕೆ. ಒಬ್ಬ ತಮ್ಮಣ್ಣ ಕಟ್ಟಿದ್ದನ್ನು ಇನ್ನೊಬ್ಬ ತಮ್ಮಣ್ಣ ಎಳೆದ ಎಂದು ನಮ್ಮ ಮಂದಿ ಅವನ ಮೇಲೆ ಸಿಟ್ಟಾಗಲಿಲ್ಲ. ಕೌಜಲಗಿ ನಿಂಗಮ್ಮನ ಮೇಳ ಬರುತ್ತದೆಂದರೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಇನ್ನು, ಪಾರಿಜಾತದ ಗೊಲ್ಲತಿ ಯಾರು? ಮುಖ್ಯ ಕಥೆಗೆ ಮೊದಲೇ ಹಾಲುಮೊಸರಿನ ಗಡಿಗೆ ಹೊತ್ತು ಬಂದು ಕೃಷ್ಣನ ಜೊತೆ ಮಾತಿಗೆ ಮಾತು ಬೆಳೆಸುವವಳು. ಹೂವಿಗೂ ಅವಳಿಗೂ ಸಂಬಂಧವಿಲ್ಲ. ಅವಳು ಬರದಿದ್ದರೆ ಕಥೆಯ ಒಂದೆಳೆಯೂ ಕಡಿಯುವುದಿಲ್ಲ. ಆದರೆ ಅವಳಿಲ್ಲದ ಪಾರಿಜಾತಕ್ಕೆ ನಮ್ಮವರು ಹೋಗುವುದಿಲ್ಲ. ಅವಳ ಮಾತಿನ ವರಸೆಗೆ ಮಂದಿ ಆಯೇರಿ ಮಾಡುತ್ತಾರೆ, ಇನ್ನೊಮ್ಮೆ ಎನ್ನುತ್ತಾರೆ. ಇವಳು ಯಾವ ಪುರಾಣದವಳು ಎಂದು ಎದ್ದು ನಿಂತು ಕೇಳಿದವನನ್ನು ನಾನಂತೂ ಕಂಡಿಲ್ಲ. ಕೇಳಿದ್ದರೆ ಗೊಲ್ಲತಿಯೇ ಅವನನ್ನು ಅಟ್ಟದ ಮೇಲಿಂದ ವಿಚಾರಿಸಿಕೊಳ್ಳುತ್ತಿದ್ದಳು. ಗೊಲ್ಲತಿಗೆ ಆಯೇರಿ, ಟೌರಿಯೆಲ್‌ಗೆ ಬೈಗುಳ. ಇದು ಯಾವ ನ್ಯಾಯ?

ಹುಡುಗ ಸುಮ್ಮನಿರುವವನಲ್ಲ. “ಅದು ನಾಟಕ ಕಾಕಾ. ಅಲ್ಲಿ ಮಂದಿ ಬೇಡಿದಷ್ಟ ಹೊತ್ತು ಆಡ್ತಾರ. ಸಿನಿಮಾಕ್ಕ ಕಿವಿ ಅದಾವೇನ್ರಿ?” ಒಪ್ಪಬೇಕಾದ ಮಾತು. ಮಂದಿ ತೂಕಡಿಸಿದ್ದು ಕಂಡರೆ ಪಾರಿಜಾತದ ಭಾಗವತ ಒಂದು ಹಾಡು ಕಡಿಮೆ ಮಾಡುತ್ತಾನೆ, ಅರಳಿದ್ದು ಕಂಡರೆ ಎರಡು ಏರಿಸುತ್ತಾನೆ. ಜಾಕ್ಸನ್‌ಗೆ ನಮ್ಮ ಮಾಳಿಗೆ ಕಾಣುವುದಿಲ್ಲ. ಹಿಗ್ಗಿಸಿದ್ದು ಬೇಸರ ತಂದಿತೆಂದರೆ ಸರಿ. ಹಿಗ್ಗಿಸಿದ್ದೇ ಅಪರಾಧವೆಂದರೆ ನಾನು ಒಪ್ಪಲಾರೆ.

ಕುಗ್ಗಿಸಿದಾಗಲೂ ನಾವು ಇದೇ ದೂರು ಹೇಳಿದವರಲ್ಲವೇ? ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರಕ್ಕೆ ಇಳಿಸಿದರು. ಹಾಬಿಟ್‌ಗೆ ಆದದ್ದರ ತದ್ವಿರುದ್ಧ. ಚಿತ್ರ ಓಡಿತು, ವಿಷ್ಣುವರ್ಧನ್ ಮನೆಮಾತಾದರು. ಲೇಖಕರಿಗೆ ಮಾತ್ರ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಅವರು ಬೇಸರಪಟ್ಟರೆಂಬ ಮಾತು ಇಂದಿಗೂ ಓಡಾಡುತ್ತದೆ. ಒಂದನ್ನು ಮೂರು ಮಾಡಿದರೂ ತಪ್ಪು, ಮೂರನ್ನು ಒಂದು ಮಾಡಿದರೂ ತಪ್ಪು. ಹಾಗಿದ್ದ ಮೇಲೆ ನಮ್ಮ ನೋವು ಉದ್ದಗಿಡ್ಡದ್ದಲ್ಲ. ಬೇರೆಲ್ಲೋ ಮುಳ್ಳು ಮುರಿದಿದೆ, ನಾವು ಬೇರೆಲ್ಲೋ ಕೆರೆದುಕೊಳ್ಳುತ್ತಿದ್ದೇವೆ.

ಆ ಮುಳ್ಳು ಎಲ್ಲಿದೆಯೆಂಬುದು ನನಗೆ ಹೊಳೆದದ್ದು ಬಸವಣ್ಣ ಹುಟ್ಟಿದ ನಮ್ಮ ಬಾಗೇವಾಡಿಯ ದೆಸೆಯಿಂದ.

ನಾವು ಆ ಸುತ್ತಲಿನವರೆಲ್ಲ ಒಂದು ರೀತಿಯಲ್ಲಿ ಪೂರ್ವಕಥೆಯ ಮಂದಿ. ಬಸವಣ್ಣನ ದೊಡ್ಡ ಕಥೆ ನಡೆದದ್ದು ಕಲ್ಯಾಣದಲ್ಲಿ: ಬಿಜ್ಜಳ, ಅನುಭವ ಮಂಟಪ, ಕೊನೆಯ ಆ ರಕ್ತದ ದಿನಗಳು. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾದಾಗ, ರಾಜ್‌ಕುಮಾರ್ ಬಿಜ್ಜಳನಾದಾಗ ಜನ ಕಣ್ಣು ನೆಟ್ಟದ್ದು ಆ ಇಬ್ಬರ ಮುಖಾಮುಖಿಯ ಮೇಲೆ. ನಮ್ಮ ಪಾಲಿಗೆ ಬಂದದ್ದು ಕಥೆ ಶುರುವಾಗುವ ಮುಂಚಿನ ಹುಡುಗ. ಆ ಹುಡುಗನದೂ ಒಂದೇ ಕಥೆಯಲ್ಲ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಅವನು ತಂದೆತಾಯಿ ಕಳೆದುಕೊಂಡು ಮುತ್ತಬ್ಬೆಯ ಕೈಯಲ್ಲಿ ಬೆಳೆಯುತ್ತಾನೆ, ಉಪನಯನವೂ ಆಗುತ್ತದೆ, ಹದಿನಾರರ ಹೊತ್ತಿಗೆ ಜನಿವಾರ ಹರಿದೊಗೆದು ಕಪ್ಪಡಿಸಂಗಮದ ದಾರಿ ಹಿಡಿಯುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಆಧರಿಸಿ ಭೀಮಕವಿ 1369ರಲ್ಲಿ ಮುಗಿಸಿದ ಕನ್ನಡ ‘ಬಸವಪುರಾಣ’ದಲ್ಲಿ ಎಂಟು ವರ್ಷದ ಪೋರ ಉಪನಯನವನ್ನೇ ಬೇಡವೆಂದು ತಂದೆಯೆದುರು ನಿಲ್ಲುತ್ತಾನೆ. ಒಂದರಲ್ಲಿ ತಬ್ಬಲಿ ಹುಡುಗ, ಇನ್ನೊಂದರಲ್ಲಿ ಎದುರುತ್ತರ ಕೊಡುವ ಮಗ.

ಶ್ರಾವಣದಲ್ಲಿ ಪುರಾಣ ಹಚ್ಚಿದಾಗ ಎರಡನ್ನೂ ಕೇಳಿದವರು ನಾವು. ಪುರಾಣ ಹೇಳುವವರು ಆ ಒಂದು ಜನಿವಾರದ ಪ್ರಸಂಗವನ್ನು ಮೂರು ಸಂಜೆ ಎಳೆದರೂ, ನಡುವೆ ತಮ್ಮ ಊರಿನ ಸಾಲಗಾರನ ಕಥೆಯೊಂದನ್ನು ತುರುಕಿದರೂ ಜನ ಎದ್ದುಹೋಗುವುದಿಲ್ಲ. ನನಗೆ ಹೆಚ್ಚು ಒಗ್ಗಿದ್ದು ಹರಿಹರನ ಹುಡುಗ. ಕಾರಣ ಇಷ್ಟೇ: ಅವನಿಗೆ ಮುಂದೇನೆಂದು ಗೊತ್ತಿಲ್ಲ. ಮುತ್ತಬ್ಬೆ ಇದ್ದಾಳೆ, ದೇವರ ಹುಚ್ಚಿದೆ, ಊರಿನಲ್ಲಿ ಉಸಿರು ಕಟ್ಟುತ್ತಿದೆ. ಕಲ್ಯಾಣದ ದಂಡನಾಯಕನಾಗಲು ಹೊರಟವನಲ್ಲ ಅವನು, ಸಂಗಮಕ್ಕೆ ಹೊರಟವನು. ಕ್ಯಾಲೆಂಡರಿನ ಬಾಲಬಸವನನ್ನು ನೋಡಿ. ಹಾಲುಗಲ್ಲದ ಮುಖ, ಆದರೆ ತಲೆಯ ಹಿಂದೆ ಆಗಲೇ ಪ್ರಭೆ, ಕಣ್ಣಲ್ಲಿ ಆಗಲೇ ಕಲ್ಯಾಣ. ಅಂಥ ಮಗುವಿಗೆ ಬಾಗೇವಾಡಿ ಬಿಡುವುದು ಕಷ್ಟವೇ ಅಲ್ಲ.

ಪೂರ್ವಕಥೆಗೆ ತಗಲುವ ರೋಗ ಇದು: ಮೊದಲಿಗೆ ಕೊನೆ ಗೊತ್ತಿರುವುದು. ಹಾಬಿಟ್ ಚಿತ್ರಗಳಿಗೂ ಇದೇ ರೋಗ. ಬಿಲ್ಬೋ ಎಂಬ ಮನೆಬಿಡದ ಹಾಬಿಟ್ ಊಟದ ಕೋಣೆ ಬಿಟ್ಟು ನಿಧಿಯ ಹಿಂದೆ ಹೊರಡುವ ಲಘುವಾದ ಕಥೆ ಅದು. ಚಿತ್ರ ಶುರುವಾಗುವುದು ಮಾತ್ರ ದೊಡ್ಡ ಕಥೆಯ ಹೊಸ್ತಿಲಲ್ಲಿ ಕೂತ ಮುದುಕ ಬಿಲ್ಬೋನಿಂದ. ಮುಗಿಯುವುದೂ ಅಲ್ಲಿಗೇ ಬಂದು. ಮೂರನೆಯ ಚಿತ್ರದ ಕೊನೆಯಲ್ಲಿ ರಾಜ ತ್ರಾಂಡುಯಿಲ್ ತನ್ನ ಮಗ ಲೆಗೊಲಾಸ್‌ಗೆ, ಉತ್ತರಕ್ಕೆ ಹೋಗು, ಅಲ್ಲಿ ಸ್ಟ್ರೈಡರ್ ಎಂದು ಕರೆಸಿಕೊಳ್ಳುವವನನ್ನು ಹುಡುಕು ಎನ್ನುತ್ತಾನೆ. ಸ್ಟ್ರೈಡರ್ ಎಂದರೆ ದೊಡ್ಡ ಕಥೆಯ ನಾಯಕ ಅರಗಾರ್ನ್. ಪುಸ್ತಕದಲ್ಲಿ ಇಂಥ ಮಾತಿಲ್ಲ, ಲೆಗೊಲಾಸನೇ ಇಲ್ಲ.

ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಅದುವರೆಗೆ ಗೋಡೆಗೊರಗಿ ಗೊಣಗುತ್ತಿದ್ದ ನಮ್ಮ ಹುಡುಗ ಎದ್ದು ಕೂತ. “ಕಾಕಾ, ಮೈಮ್ಯಾಲ ಮುಳ್ಳೆದ್ದು ನೋಡ್ರಿ,” ಎಂದು ತೋಳು ತೋರಿಸಿದ. ಟೌರಿಯೆಲ್ ಪುಸ್ತಕದಲ್ಲಿಲ್ಲವೆಂದು ಎರಡು ರಾತ್ರಿ ಹಲ್ಲು ಕಡಿದವನಿಗೆ ಈ ಸಾಲೂ ಪುಸ್ತಕದಲ್ಲಿಲ್ಲವೆಂಬುದು ನೆನಪಾಗಲಿಲ್ಲ. “ಆ ಹೊತ್ತಿಗೆ ಆ ಸ್ಟ್ರೈಡರ್‌ನ ವಯಸ್ಸೆಷ್ಟೋ ತಮ್ಮಾ?” ಎಂದೆ. ನೋಡಿ ಹೇಳುತ್ತೇನೆಂದ.

ಅವನನ್ನೇ ಯಾಕೆ ಆಡಿಕೊಳ್ಳಲಿ? 2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ಬಂದಾಗ ವಿಜಯಪುರಕ್ಕೆ ಹೋಗಿ ನೋಡಿಬಂದವನು ನಾನು. ಅದು ಪುಸ್ತಕದಿಂದ ಬಂದದ್ದಲ್ಲ, ಆದರೆ 2022ರ ‘ಕಾಂತಾರ’ವೇ ಜನರ ಪಾಲಿಗೆ ಮೂಲಗ್ರಂಥವಾಗಿಬಿಟ್ಟಿತ್ತು. ಕದಂಬರ ಕಾಲಕ್ಕೆ ಹೋಗಿ ಹೇಳುವ ಕಥೆಯಲ್ಲಿ ಕಾಡಿನವರು, ಅರಸರು, ವ್ಯಾಪಾರ ಎಂದು ನೋಡಲು ಬೇಕಾದಷ್ಟಿತ್ತು. ನಾನು ಕಾದದ್ದು ಮಾತ್ರ ಮೊದಲ ಚಿತ್ರದಲ್ಲಿನ ದೈವದ ಆ ಕೂಗಿಗೆ. ಹೊರಬಂದು ಚಹಾ ಕುಡಿಯುವಾಗ ಜೊತೆಗಿದ್ದವರ ಮಾತೂ ಅದೇ: ಯಾವುದು ಯಾವುದಕ್ಕೆ ಕೊಂಡಿ, ಮೊದಲಿನಷ್ಟು ಬಂತೋ ಇಲ್ಲವೋ. ಎದುರಿಗಿದ್ದ ಕಥೆಯನ್ನು ನಾವು ಕೊಂಡಿಗಳ ಲೆಕ್ಕದಲ್ಲಿ ಕಳೆದೆವು.

ಕೊಂಡಿ ಕಂಡಲ್ಲೆಲ್ಲ ಸಿಳ್ಳೆ ಹೊಡೆಯುವವರು ನಾವೇ. ಸಿಳ್ಳೆ ಎಲ್ಲಿ ಬಿತ್ತೆಂದು ನಿರ್ಮಾಪಕ ಬರೆದಿಟ್ಟುಕೊಳ್ಳುತ್ತಾನೆ. ಮುಂದಿನ ಚಿತ್ರದಲ್ಲಿ ಕಥೆ ಕಡಿಮೆ, ಕೊಂಡಿ ಹೆಚ್ಚು. ಆಮೇಲೆ ಎಳೆದಾಡಿದ್ದಾರೆಂದು ಬೈಯುವವರೂ ನಾವೇ.

ಟೋಲ್ಕಿನ್‌ಗೂ ಕೊಂಡಿ ಹಾಕುವ ಈ ಚಪಲ ತಪ್ಪಿದ್ದಲ್ಲ ಎಂಬುದನ್ನು ಹೇಳದಿದ್ದರೆ ಜಾಕ್ಸನ್‌ಗೆ ಅನ್ಯಾಯವಾದೀತು. 1937ರ ಪುಸ್ತಕದಲ್ಲಿ ಗೊಲ್ಲಮ್ ಎಂಬ ಗುಹೆಯ ಪ್ರಾಣಿ ಒಗಟಿನ ಪಂಥಕ್ಕೆ ತನ್ನ ಉಂಗುರವನ್ನೇ ಉಡುಗೊರೆಯಾಗಿ ಒಡ್ಡುತ್ತಾನೆ. ಸೋತ ಮೇಲೆ ಅದು ಸಿಗದೆ ತಪ್ಪಾಯಿತೆಂದು ಹಲುಬಿ, ಬಿಲ್ಬೋಗೆ ದಾರಿ ತೋರಿಸುತ್ತಾನೆ. ದೊಡ್ಡ ಕಥೆಯಲ್ಲಿ ಅದೇ ಉಂಗುರ ಲೋಕವನ್ನು ನುಂಗುವ ಮಾರಿಯಾದಾಗ ಈ ಸೌಜನ್ಯ ಹೊಂದಲಿಲ್ಲ. 1951ರ ಆವೃತ್ತಿಯಲ್ಲಿ ಆ ಅಧ್ಯಾಯವನ್ನೇ ತಿದ್ದಿದ. ಹಳೆಯದನ್ನು ಹೂತುಹಾಕಲಿಲ್ಲ ನೋಡಿ, ಜಾಣ! ಬಿಲ್ಬೋ ಮೊದಲು ಹೇಳಿದ್ದು ಸುಳ್ಳು, ಉಂಗುರ ಅವನಿಂದ ಸುಳ್ಳು ಹೇಳಿಸಿತು ಎಂದು ದೊಡ್ಡ ಕಥೆಯೊಳಗೆ ಸೇರಿಸಿದ. ಹೊಲಿಗೆಯೇ ಕಸೂತಿಯಾಯಿತು. 1960ರಲ್ಲಿ ಇನ್ನೂ ಮುಂದೆ ಹೋಗಿ ಇಡೀ ಹಾಬಿಟ್ಟನ್ನು ದೊಡ್ಡ ಕಥೆಯ ಗಂಭೀರ ಧಾಟಿಯಲ್ಲಿ ಮತ್ತೆ ಬರೆಯಲು ಕೂತ. ಕೆಲವು ಅಧ್ಯಾಯ ಓದಿದ ಸ್ನೇಹಿತೆಯೊಬ್ಬಳು ಇದು ಸೊಗಸಾಗಿದೆ, ಆದರೆ ಹಾಬಿಟ್ ಅಲ್ಲ ಎಂಬರ್ಥದ ಮಾತಾಡಿದಳಂತೆ. ಅಲ್ಲಿಗೆ ಬಿಟ್ಟ. ಆ ಕೆಲವು ಪುಟಗಳಲ್ಲಿ ಲೇಖಕ ಕಲಿತು ಬಿಟ್ಟದ್ದನ್ನು ಜಾಕ್ಸನ್ ಅರ್ಧ ಶತಮಾನದ ಮೇಲೆ ಮೂರು ಚಿತ್ರದಲ್ಲಿ ಮಾಡಿದ.

ಆದ್ದರಿಂದ ನನ್ನ ಪಟ್ಟಿ ಹುಡುಗನ ಪಟ್ಟಿಗಿಂತ ಬೇರೆ. ಟೌರಿಯೆಲ್ ಇರಲಿ; ಹೂವಿನ ಕಥೆಗೆ ಗೊಲ್ಲತಿ ಬಂದ ಹಾಗೆ ಬಂದಿದ್ದಾಳೆ, ಅವಳ ಮಾತು ಇನ್ನಷ್ಟು ಚುರುಕಾಗಬೇಕಿತ್ತು ಅಷ್ಟೇ. ಎಂಟು ತಾಸೂ ಇರಲಿ. ತೆಗೆಯಬೇಕಾದದ್ದು ಮೊದಲ ಹತ್ತು ನಿಮಿಷ, ಕೊನೆಯ ಐದು ನಿಮಿಷ, ಮತ್ತು ಅವನ ಮೈಯಲ್ಲಿ ಮುಳ್ಳೇಳಿಸಿದ ಆ ಒಂದು ಸಾಲು.

ಹಬ್ಬ ಮುಗಿಸಿ ಹುಡುಗ ಬೆಂಗಳೂರಿಗೆ ಹೋದ. ನಾಲ್ಕು ದಿನ ಬಿಟ್ಟು ಫೋನು ಬಂತು. ದೊಡ್ಡ ಕಥೆಯ ಪುಸ್ತಕದ ಹಿಂಬದಿಯಲ್ಲಿ ಟೋಲ್ಕಿನ್ ಇಸವಿ ಸಮೇತ ಪಟ್ಟಿ ಕೊಟ್ಟಿದ್ದಾನಂತೆ. ಕೂತು ಲೆಕ್ಕ ಹಾಕಿದನಂತೆ.

“ಕಾಕಾ, ಆ ಸ್ಟ್ರೈಡರ್ ಅದಾನಲ್ರಿ, ಅಂವಗ ಆಗ ಬರೇ ಹತ್ತು ವರ್ಷ.”